ಮೊದಲು ಸಮಸ್ಯೆ, ಆಮೇಲೆ ಪರಿಹಾರ: ಯುವಕರ ತಂಡ ಕೂತು ನಿರ್ಧರಿಸುವುದು ಹೇಗೆ?

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಯುವಕರ ಒಂದು ತಂಡ ಸಿಗುತ್ತದೆ. ನವೆಂಬರ್ ಬಂದರೆ ರಾಜ್ಯೋತ್ಸವ ಮಾಡುವವರು, ಭಾನುವಾರ ಕೆರೆ ಏರಿ ಮೇಲಿನ ಪ್ಲಾಸ್ಟಿಕ್ ಆಯುವವರು, ಸಂಜೆ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುವವರು. ಇವರಿಗೆ ಉತ್ಸಾಹದ ಕೊರತೆಯಿಲ್ಲ. ಸುಸ್ತು ಮಾಡುವುದು ಸಭೆಗಳು. ಎರಡು ಗಂಟೆ ಮಾತಾಡಿ, ಟೀ ಕುಡಿದು ಎದ್ದ ಮೇಲೆ ಏನು ತೀರ್ಮಾನ ಆಯ್ತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಾನು ಕಂಡ ಹಾಗೆ ಇದಕ್ಕೆ ದೊಡ್ಡ ಕಾರಣ ಒಂದೇ. ಸಮಸ್ಯೆ ಏನು ಅಂತ ಎಲ್ಲರೂ ಒಪ್ಪುವ ಮೊದಲೇ ತಂಡ ಪರಿಹಾರಕ್ಕಾಗಿ ಜಗಳ ಶುರು ಮಾಡುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು ಜಾಸ್ತಿ ಇರುವ ಬೀದಿ, ಪೀಣ್ಯದ ಕಡೆಯದೋ ಬೊಮ್ಮನಹಳ್ಳಿ ಕಡೆಯದೋ ಅಂದುಕೊಳ್ಳಿ. ಕಾಲೇಜಿನ ಏಳು ಜನ ಹುಡುಗ ಹುಡುಗಿಯರು ಸಂಜೆ ಆರಕ್ಕೆ ಅಲ್ಲಿ ಪಾಠ ನಡೆಸುತ್ತಾರೆ. ಜೂನ್‌ನಲ್ಲಿ 30 ಮಕ್ಕಳು ಬರುತ್ತಿದ್ದರು. ಈಗ ಕೋಣೆ ಅರ್ಧ ಖಾಲಿ.

ಹಂತ 1: ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಸಭೆಯಲ್ಲಿ ಒಬ್ಬರು "ಮಕ್ಕಳಿಗೆ ಆಸಕ್ತಿನೇ ಇಲ್ಲ" ಅನ್ನುತ್ತಾರೆ. ಅದು ತೀರ್ಪು. ಇನ್ನೊಬ್ಬರು "ಪ್ರೊಜೆಕ್ಟರ್ ತಂದರೆ ಬರ್ತಾರೆ" ಅನ್ನುತ್ತಾರೆ. ಅದು ಪರಿಹಾರ. ಬೋರ್ಡಿನ ಮೇಲೆ ಬರಬೇಕಾದ್ದು ಇಷ್ಟೇ: "ಆಗಸ್ಟ್‌ನಿಂದ ಸಂಜೆ ಪಾಠಕ್ಕೆ ಬರುವ ಮಕ್ಕಳು ದಿನಕ್ಕೆ ಸರಾಸರಿ 30ರಿಂದ 16ಕ್ಕೆ ಇಳಿದಿದ್ದಾರೆ." ಯಾರು, ಏನು, ಯಾವಾಗಿನಿಂದ, ಎಷ್ಟು. ಯಾರ ಮೇಲೂ ತಪ್ಪು ಹೊರಿಸಿಲ್ಲ, ಏನು ಮಾಡಬೇಕು ಅಂತಲೂ ಹೇಳಿಲ್ಲ. ಈ ವಾಕ್ಯಕ್ಕೆ ಏಳೂ ಜನ ಹೂಂ ಅನ್ನುವವರೆಗೆ ಮುಂದೆ ಹೋಗಬೇಡಿ. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ.

ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಲೆಕ್ಕ ಬಿಡಿಸಲು ನಾಲ್ಕು ಹಂತ ಹೇಳಿದರು: ಅರ್ಥ ಮಾಡಿಕೊಳ್ಳುವುದು, ಯೋಜನೆ ಹಾಕುವುದು, ಮಾಡುವುದು, ಮಾಡಿದ್ದನ್ನು ತಿರುಗಿ ನೋಡುವುದು. ನಾವು ಸಾಮಾನ್ಯವಾಗಿ ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟುಬಿಡುತ್ತೇವೆ.

ಹಂತ 2: ಹಾಜರಿ ಪುಸ್ತಕ ತೆಗೆಯಿರಿ, ಮನೆಗಳಿಗೆ ಹೋಗಿ

ಸರಾಸರಿ ಒಂದನ್ನೇ ನೋಡಿದರೆ ಸಾಲದು. ದಿನದಿನದ ಲೆಕ್ಕ ಬಿಡಿಸಿ. ನಮ್ಮ ಉದಾಹರಣೆಯಲ್ಲಿ ಒಂದು ದಿನ 22 ಮಕ್ಕಳು, ಮರುದಿನ 10. ಮತ್ತೆ 22, ಮತ್ತೆ 10. ಕಡಿಮೆ ಇರುವ ದಿನ ಬಾರದವರೆಲ್ಲ ಹೆಚ್ಚುಕಡಿಮೆ ಹೆಣ್ಣುಮಕ್ಕಳು. ಆಸಕ್ತಿ ಹೀಗೆ ದಿನ ಬಿಟ್ಟು ದಿನ ಬಂದು ಹೋಗುವುದಿಲ್ಲ, ಅಲ್ವಾ?

ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ಬರುವುದು ಯಾವುದು ಅಂತ ಇಲ್ಲಿ ಬೆಳೆದವರಿಗೆ ಗೊತ್ತು. ಎಷ್ಟೋ ಬೀದಿಗಳಲ್ಲಿ ಕಾವೇರಿ ನೀರು ಬರುವುದು ಹಾಗೆಯೇ. ಆದರೂ ಊಹೆಯಲ್ಲಿ ನಿಲ್ಲಬೇಡಿ. ಇಬ್ಬಿಬ್ಬರಾಗಿ ಮನೆಗಳಿಗೆ ಹೋಗಿ, ತಾಯಂದಿರನ್ನು ಕೇಳಿ.

ಹಂತ 3: ಯಾಕೆ ಅಂತ ಕೇಳುತ್ತಾ ಹೋಗಿ

ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಇಚಿ ಓನೊ ಈ ರೂಢಿ ಬೆಳೆಸಿದರು. ಯಂತ್ರ ನಿಂತರೆ ಮೊದಲ ಉತ್ತರಕ್ಕೆ ಸುಮ್ಮನಾಗದೆ ಐದು ಸಲ ಯಾಕೆ ಅಂತ ಕೇಳುವುದು. ನಮ್ಮ ಬೀದಿಯಲ್ಲಿ ಅದು ಹೀಗೆ ನಡೆಯುತ್ತದೆ.

ಹುಡುಗಿಯರು ಯಾಕೆ ಬರಲ್ಲ? ಆ ಸಂಜೆ ನೀರು ಹಿಡಿಯಬೇಕು. ಅವರೇ ಯಾಕೆ? ಅಮ್ಮ ಫ್ಯಾಕ್ಟರಿಯಿಂದ ಬರುವುದು ಏಳಕ್ಕೆ. ಅಣ್ಣ ತಮ್ಮಂದಿರು ಯಾಕೆ ಹಿಡಿಯಲ್ಲ? ಮನೆಯಲ್ಲಿ ಅದು ಹುಡುಗಿಯರ ಕೆಲಸ ಅಂತಾಗಿದೆ. ಜೂನ್‌ನಲ್ಲಿ ಯಾಕೆ ಈ ತೊಂದರೆ ಇರಲಿಲ್ಲ? ಆಗ ನೀರು ಬೆಳಿಗ್ಗೆ ಬರುತ್ತಿತ್ತು, ಆಗಸ್ಟ್‌ನಿಂದ ಸಂಜೆಗೆ ಬದಲಾಯಿತು.

ಐದೇ ಸಲ ಅಂತೇನಿಲ್ಲ. ನೀವು ಕೈಹಾಕಿ ಬದಲಿಸಬಹುದಾದ ಕಾರಣ ಸಿಕ್ಕ ಕೂಡಲೇ ನಿಲ್ಲಿಸಿ. ಈಗ ಪ್ರೊಜೆಕ್ಟರ್ ಮಾತು ತಾನಾಗಿ ಬಿದ್ದುಹೋಗುತ್ತದೆ. ಅದಕ್ಕೆ ಎತ್ತಬೇಕಿದ್ದ ಚಂದಾ ಉಳಿಯಿತು.

ಹಂತ 4: ಮಾತಿಗೆ ಮೊದಲು ಬರವಣಿಗೆ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹಂತ. ನಮ್ಮ ತಂಡಗಳಲ್ಲಿ ಸಾಮಾನ್ಯವಾಗಿ ಒಬ್ಬ "ಅಣ್ಣ" ಇರುತ್ತಾನೆ. ಅಣ್ಣ ಬಾಯಿ ಬಿಟ್ಟ ಮೇಲೆ ಉಳಿದವರು ತಲೆಯಾಡಿಸುತ್ತಾರೆ. ಹೊಸದಾಗಿ ಸೇರಿದ ಹುಡುಗಿಯ ಹತ್ತಿರ ಒಳ್ಳೆಯ ಯೋಚನೆ ಇದ್ದರೂ ಅದು ಹೊರಗೆ ಬರುವುದೇ ಇಲ್ಲ.

ಅಮೆರಿಕದಲ್ಲಿ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬಾರ್ನ್ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿಯನ್ನು ಜನಪ್ರಿಯ ಮಾಡಿದರು. ಗುಂಪಾಗಿ ಕೂತು ಮನಸ್ಸಿಗೆ ಬಂದದ್ದೆಲ್ಲ ಹೇಳಿ, ಟೀಕೆ ಆಮೇಲೆ ಅನ್ನುವುದು ಅವರ ನಿಯಮ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಯೋಚಿಸಿದ್ದನ್ನು ಕೂಡಿಸಿದಾಗ ಜಾಸ್ತಿ ಐಡಿಯಾಗಳು ಸಿಕ್ಕವು.

ಹಾಗಾಗಿ ಹೀಗೆ ಮಾಡಿ. ಎಲ್ಲರಿಗೂ ಚೀಟಿ ಕೊಡಿ. ಹತ್ತು ನಿಮಿಷ ಯಾರೂ ಮಾತಾಡಬಾರದು, ಬರೆಯಬೇಕು. ಕನ್ನಡ, ತಮಿಳು, ಉರ್ದು, ಯಾವುದು ಸಲೀಸೋ ಅದರಲ್ಲಿ. ಆಮೇಲೆ ಸುತ್ತು ಹಾಕಿ: ಒಬ್ಬರು ಒಂದು ಐಡಿಯಾ ಓದಬೇಕು, ಮುಂದಿನವರಿಗೆ ದಾಟಿಸಬೇಕು. ಎಲ್ಲ ಬೋರ್ಡಿಗೆ ಬಂದ ಮೇಲೆಯೇ ಚರ್ಚೆ. ನಾಯಕರು ಕೊನೆಯಲ್ಲಿ ಓದಬೇಕು.

ನಮ್ಮ ತಂಡಕ್ಕೆ ನಾಲ್ಕು ಐಡಿಯಾ ಸಿಕ್ಕವು ಅನ್ನೋಣ. ನೀರಿನ ದಿನ ಏಳೂವರೆಗೆ ಪಾಠ ಶುರು ಮಾಡುವುದು. ಪಾಠವನ್ನು ಭಾನುವಾರ ಬೆಳಿಗ್ಗೆಗೆ ಹಾಕುವುದು. ನೀರಿನ ಹೊತ್ತು ಬದಲಿಸಲು ಜಲಮಂಡಳಿಗೆ ಅರ್ಜಿ ಕೊಡುವುದು. ನೀರಿನ ದಿನಗಳಲ್ಲಿ ಪಾಠವನ್ನೇ ಹುಡುಗಿಯರು ನೀರು ಹಿಡಿಯುವ ವಠಾರದ ಅಂಗಳಕ್ಕೆ ಒಯ್ಯುವುದು.

ಹಂತ 5: ಆಯ್ಕೆ

ಮೊದಲು ಅಳತೆಗೋಲು ಒಪ್ಪಿಕೊಳ್ಳಿ. ಖರ್ಚು ಎಷ್ಟು? ಈ ವಾರವೇ ಶುರು ಮಾಡಬಹುದಾ? ಯಾರು ಹೊರಗುಳಿಯುತ್ತಾರೆ? ಹೆಣ್ಣುಮಕ್ಕಳು ಕತ್ತಲಲ್ಲಿ ಒಬ್ಬರೇ ಮನೆಗೆ ನಡೆಯಬೇಕಾಗುತ್ತದಾ? ಕೊನೆಯ ಪ್ರಶ್ನೆಗೇ ಏಳೂವರೆ ಪಾಠ ಬಿದ್ದುಹೋಯಿತು. ಭಾನುವಾರದ್ದೂ ಕಷ್ಟ. ವಾರದ ಬಟ್ಟೆ ಒಗೆತವೆಲ್ಲ ಅವತ್ತೇ.

ಉಳಿದವುಗಳಲ್ಲಿ ಆರಿಸಲು ಕೈ ಎತ್ತಿಸುವ ಅವಸರ ಬೇಡ. ಏಳು ಜನರಲ್ಲಿ ನಾಲ್ಕು-ಮೂರು ಅಂತ ತೀರ್ಮಾನವಾದರೆ ಆ ಮೂವರು ಸೋಮವಾರ ಪಾಠಕ್ಕೆ ಬರುವುದು ಅನುಮಾನ. ಬದಲಿಗೆ ಬೆರಳು ತೋರಿಸುವ ಪದ್ಧತಿ ಬಳಸಿ. ಐದು ಬೆರಳು ಅಂದರೆ ಪೂರ್ತಿ ಒಪ್ಪಿಗೆ, ಮೂರು ಅಂದರೆ ನಡೆಯುತ್ತೆ, ಮುಷ್ಟಿ ಅಂದರೆ ಬೇಡವೇ ಬೇಡ. ಎಲ್ಲರೂ ಒಂದೇ ಕ್ಷಣಕ್ಕೆ ತೋರಿಸಬೇಕು. 1950ರ ದಶಕದಲ್ಲಿ ಮನಃಶಾಸ್ತ್ರಜ್ಞ ಸಾಲೊಮನ್ ಆಶ್ ಮಾಡಿದ ಪ್ರಯೋಗದಲ್ಲಿ, ಗೆರೆಗಳ ಉದ್ದ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದರೂ, ಉಳಿದವರು ಬೇಕೆಂದೇ ತಪ್ಪು ಹೇಳಿದಾಗ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಆ ತಪ್ಪನ್ನೇ ಹೇಳಿದರು. ಪಕ್ಕದವರ ಬೆರಳು ನೋಡಿ ತೋರಿಸುವ ಒಪ್ಪಿಗೆಯನ್ನು ನಂಬಬೇಡಿ.

ಮುಷ್ಟಿ ಅಥವಾ ಒಂದು ಬೆರಳು ತೋರಿಸಿದವರನ್ನು "ಏನು ಬದಲಾದರೆ ಒಪ್ಪುತ್ತೀರಿ?" ಅಂತ ಕೇಳಿ. "ವಠಾರದಲ್ಲಿ ಸಂಜೆ ಬೆಳಕು ಸಾಲದು" ಅಂದರೆ ಚಾರ್ಜ್ ಮಾಡುವ ಒಂದು ಲೈಟಿನಿಂದ ಕೆಲಸ ಮುಗಿಯುತ್ತದೆ. ಬ್ಯಾನರ್ ಬಣ್ಣದಂಥ ವಿಷಯಕ್ಕೆ ಇದೆಲ್ಲ ಬೇಡ. ಒಬ್ಬರಿಗೆ ವಹಿಸಿ, ಅವರು ಹೇಳಿದ್ದೇ ಆಗಲಿ.

ಹಂತ 6: ಹೆಸರು, ತಾರೀಖು, ತಿರುಗಿ ನೋಡುವುದು

ಯಾರು, ಏನು, ಯಾವತ್ತಿನೊಳಗೆ ಅಂತ ಪುಸ್ತಕದಲ್ಲಿ ಬರೆಯಿರಿ. "ಎಲ್ಲರೂ ಸೇರಿ ಮಾಡೋಣ" ಅಂತ ಬರೆದರೆ ಯಾರೂ ಮಾಡುವುದಿಲ್ಲ. ನಮ್ಮ ತಂಡ ಉಳಿದ ಎರಡನ್ನೂ ಒಪ್ಪಿತು ಅನ್ನೋಣ: ವಠಾರದ ಪಾಠಕ್ಕೆ ಇಬ್ಬರು, ಜಲಮಂಡಳಿ ಅರ್ಜಿಗೆ ಒಬ್ಬರು. ಎರಡು ವಾರದ ನಂತರದ ಒಂದು ದಿನವನ್ನು ಈಗಲೇ ಗೊತ್ತು ಮಾಡಿ, ಅವತ್ತು ಹಾಜರಿ ಪುಸ್ತಕದೊಂದಿಗೆ ಕೂತುಕೊಳ್ಳಿ. ನೀರಿನ ದಿನವೂ 22 ಮಕ್ಕಳು ಬಂದಿದ್ದರೆ ಈ ಕಾರಣ ಸರಿಯಾಗಿತ್ತು. ಆಗಲೂ ಜೂನ್‌ನ ಲೆಕ್ಕಕ್ಕೆ ಎಂಟು ಮಕ್ಕಳು ಕಡಿಮೆ. ಅವರ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದು, ಮೊದಲ ಹಂತದಿಂದ ಶುರು ಮಾಡಿ.