ಹತ್ತಿ ಬೀಜ ಮಾಡಿದವನೂ ನಾನೇ, ಕೊಂಡವನೂ ನಾನೇ

ಬಿಟಿ ಹತ್ತಿ ಅಂದರೆ ಕಾಯಿಕೊರಕ ಹುಳವನ್ನು ಕೊಲ್ಲುವ ವಿಷ ಗಿಡದಲ್ಲೇ ಹುಟ್ಟುವಂತೆ ಜೀನ್ ಸೇರಿಸಿದ ಹತ್ತಿ. ಅದರ ಮಾತು ಬಂದರೆ ನಮ್ಮೂರ ಚಹಾದಂಗಡಿಯಲ್ಲಿ ಎರಡು ಗುಂಪು. ಪೇಟೆಂಟ್ ಹಾಕಿ ಕಂಪನಿಯವರು ನಮ್ಮನ್ನು ಕಟ್ಟಿಹಾಕಿದರು ಅಂತ ಒಂದು. ಬಿಟಿ ಬರದಿದ್ದರೆ ಕಾಯಿಕೊರಕ ಹತ್ತಿಯನ್ನೇ ಮುಗಿಸುತ್ತಿತ್ತು ಅಂತ ಇನ್ನೊಂದು. ನಾನು ಸುಮ್ನೆ ಕೂತು ಚಹಾ ಕುಡಿಯುತ್ತೇನೆ. ಯಾಕಂದ್ರೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಆರು ವರ್ಷ ಕಂಪನಿಗೆ ಹೈಬ್ರಿಡ್ ಬೀಜ, ಅಂದರೆ ಎರಡು ಬೇರೆ ತಳಿ ಕೂಡಿಸಿದ ಬೀಜ, ಮಾಡಿಕೊಟ್ಟವನು ನಾನು. ಪಕ್ಕದ ಹೊಲಕ್ಕೆ ಅಂಗಡಿಯಿಂದ ಪ್ಯಾಕೆಟ್ ತಂದವನೂ ನಾನೇ.

ಬೀಜ ಮಾಡುವ ಕೆಲಸಕ್ಕೆ ನಮ್ಮಲ್ಲಿ ಕ್ರಾಸಿಂಗ್ ಅನ್ನುತ್ತಾರೆ. ಬೀಜ ಕಟ್ಟುವ ಹೆಣ್ಣು ತಳಿಯ ಗಿಡ ಜಾಸ್ತಿ, ಪರಾಗ ಕೊಡುವ ಗಂಡು ತಳಿಯ ಗಿಡ ಕಡಿಮೆ. ಮಧ್ಯಾಹ್ನ ಮೂರರ ಮೇಲೆ, ಹೆಣ್ಣು ಗಿಡದಲ್ಲಿ ನಾಳೆ ಅರಳುವ ಮೊಗ್ಗನ್ನು ಹುಡುಕಬೇಕು. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ಸುತ್ತ ಗೀರಿ, ತಿರುವಿ ಎಳೆದರೆ ಪಕಳೆ, ಕೇಸರ ಎಲ್ಲ ಟೊಪ್ಪಿಗೆಯಂತೆ ಕಳಚಿ ಬರುತ್ತದೆ. ಒಳಗೆ ಬಿಳಿ ಕಡ್ಡಿಯಂಥದ್ದು ಮಾತ್ರ ಉಳಿಯಬೇಕು. ಉಗುರು ಆಳಕ್ಕೆ ಹೋದರೆ ಎಳೆಕಾಯಿಗೆ ಗಾಯ, ಎರಡು ದಿನದಲ್ಲಿ ಉದುರುತ್ತದೆ. ಕೇಸರದ ಚೂರು ಉಳಿದರೆ ತನ್ನ ಪರಾಗಕ್ಕೇ ತಾನು ಕಾಯಿ ಕಟ್ಟುತ್ತದೆ, ಬೀಜ ಬೆರಕೆ. ಕಳಚಿದ ಮೊಗ್ಗಿಗೆ ಕೆಂಪು ಕಾಗದದ ಚೀಲ ತೊಡಿಸುತ್ತೇವೆ. ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗಂಡು ಹೂ ಕಿತ್ತು, ಕೆಂಪು ಕಂಡಲ್ಲೆಲ್ಲ ಸವರುತ್ತಾ ಹೋಗಬೇಕು. ಒಂದು ಗಂಡು ಹೂ ನಾಲ್ಕೈದಕ್ಕೆ ಸಾಕು. ಎರಡು ತಿಂಗಳು ಹಬ್ಬವೂ ಇಲ್ಲ, ಸಂತೆಯೂ ಇಲ್ಲ. ಅವ್ವನ ಹೆಬ್ಬೆರಳು ಕಪ್ಪಾಗಿ, ರೊಟ್ಟಿ ತಟ್ಟುವಾಗ ಆ ಬೆರಳನ್ನು ಎತ್ತಿ ಹಿಡಿಯುತ್ತಿದ್ದಳು.

ಒಂದು ವರ್ಷ ನಮ್ಮ ಲಾಟ್ ಫೇಲಾಯಿತು. ಬೀಜ ಬಿತ್ತಿ ನೋಡಿದೆವು, ಬೆರಕೆ ಇದೆ ಅಂತ ಕಂಪನಿಯವರು ಅಂದರು. ತಿಂಗಳುಗಟ್ಟಲೆ ಆದ ಮೇಲೆ ಬಂದ ಸುದ್ದಿ. ಕರಾರಿನ ಪ್ರತಿಯೂ ನನ್ನ ಕೈಯಲ್ಲಿರಲಿಲ್ಲ. ಮುಂಗಡ ಸಾಲವಾಗಿ ಉಳಿಯಿತು.

ಬಿಟಿಗೆ ಒಪ್ಪಿಗೆ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಶುರುವಿನಲ್ಲಿ 450 ಗ್ರಾಂ ಪ್ಯಾಕೆಟ್‌ಗೆ 1,600 ರೂಪಾಯಿ ಆಸುಪಾಸು. ಅಂಗಡಿಯಲ್ಲಿ ಅವ್ವ ಪ್ಯಾಕೆಟ್ ತಿರುವಿ ನೋಡಿ, "ಇದು ನಮ್ಮ ಕೈಯಾಗಿಂದ ಹೋದದ್ದಲ್ಲೇನೋ?" ಅಂದಳು. ಆ ಮಾತು ತಲೆಯಲ್ಲಿ ಕೂತಿತು. 2005ರ ಮುಂಗಾರಿಗೆ ಹಿಂದಿನ ವರ್ಷದ ನಮ್ಮ ಬಿಟಿ ಹತ್ತಿಯಿಂದಲೇ ಬೀಜ ಬಿಡಿಸಿ, ಸಗಣಿ ಬೂದಿಯಲ್ಲಿ ಉಜ್ಜಿ, ಒಣಗಿಸಿ, ಹತ್ತು ಗುಂಟೆಗೆ ಊರಿದೆ. ಇದೇನು ಕಳ್ಳತನ ಅಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರ್ಯಾಂಡ್ ಹೆಸರು ಹಾಕದೆ ಮಾರಲೂಬಹುದು.

ಮೊಳಕೆ ಚೆನ್ನಾಗಿಯೇ ಬಂತು. ಆಮೇಲೆ ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುಮಟ್ಟ. ಒಂದರ ಕಾಯಿ ನಿಂಬೆಹಣ್ಣಿನಷ್ಟು, ಇನ್ನೊಂದರದ್ದು ಅಡಿಕೆಯಷ್ಟು. ಕೆಲವು ಗಿಡಕ್ಕೆ ಹಸಿರು ಹುಳ ನುಗ್ಗಿತು. ಹೈಬ್ರಿಡ್ ಗಿಡಗಳು ಒಂದೇ ಸಮ ಇರುವುದು ಮೊದಲ ತಲೆಮಾರಿನಲ್ಲಿ ಮಾತ್ರ. ಆಗಿನ ಬಿಟಿಯಲ್ಲಿ ಒಂದೇ ಜೀನ್ ಇತ್ತು. ಎರಡನೇ ತಲೆಮಾರಿನಲ್ಲಿ ಅದು ನಾಲ್ಕರಲ್ಲಿ ಒಂದು ಗಿಡಕ್ಕೆ ಇಳಿಯುವುದೇ ಇಲ್ಲ.

ಅಂದರೆ ನನ್ನನ್ನು ತಡೆದದ್ದು ಕಾನೂನಲ್ಲ. ಅಮೆರಿಕದಲ್ಲಿ ಬಿಟಿ ಬಂದದ್ದು ಹೈಬ್ರಿಡ್ ಅಲ್ಲದ ಮಾಮೂಲಿ ತಳಿಗಳಲ್ಲಿ, ಅಲ್ಲಿ ಬೀಜ ಉಳಿಸಲು ಬಿಡದಿರುವುದು ಪೇಟೆಂಟ್. 2013ರಲ್ಲಿ ಇಂಡಿಯಾನಾದ ಸೋಯಾ ರೈತ ಬೌಮನ್ ಸುಪ್ರೀಂ ಕೋರ್ಟಿನಲ್ಲಿ ಸೋತದ್ದು ಅದಕ್ಕೇ. ನಮ್ಮಲ್ಲಿ ಬಿಟಿಯನ್ನು ಹೈಬ್ರಿಡ್‌ನಲ್ಲೇ ಇಟ್ಟು ಕೊಟ್ಟರು. ಪೇಟೆಂಟ್ ಮಾಡುವ ಕೆಲಸವನ್ನು ಇಲ್ಲಿ ಗಿಡವೇ ಮಾಡುತ್ತದೆ! ಪ್ಯಾಕೆಟ್ ರೇಟೇನೋ 2006ರಲ್ಲಿ ಆಂಧ್ರ ಸರ್ಕಾರ ಜಗಳಕ್ಕೆ ನಿಂತ ಮೇಲೆ 750ಕ್ಕೆ ಇಳಿಯಿತು. ಪ್ರತಿ ವರ್ಷ ಕೊಳ್ಳುವುದು ತಪ್ಪಲಿಲ್ಲ.

ನನ್ನ ತಪ್ಪೂ ಇದೆ. ಪ್ಯಾಕೆಟ್ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜ ಕೊಡುತ್ತಿದ್ದರು, ಸುತ್ತ ಬಿತ್ತಲು; ಬಿಟಿ ವಿಷಕ್ಕೆ ಒಗ್ಗದ ಹುಳವೂ ಅಲ್ಲಿ ಉಳಿಯಲಿ, ಹುಳವೆಲ್ಲ ವಿಷಕ್ಕೆ ಒಗ್ಗದಿರಲಿ ಅಂತ. ಹುಳಕ್ಕೆ ಹೊಲ ಬಿಟ್ಟುಕೊಡೋದಾ ಅಂತ ವರ್ಷ ವರ್ಷ ಬಿಸಾಕಿದೆ. ಊರೆಲ್ಲ ಅದನ್ನೇ ಮಾಡಿತು. ಆಮೇಲೆ ಗುಲಾಬಿ ಬಣ್ಣದ ಕಾಯಿಕೊರಕ ಹುಳ ಬಂತು. ಗುಲಾಬಿಯಂತೆ ಪಕಳೆ ಅಂಟಿಕೊಂಡ, ಅರಳದ ಹೂ ಬಿಡಿಸಿದರೆ ಒಳಗೆ ಮರಿಹುಳ. ಹೈಬ್ರಿಡ್ ಕಾಯಿಯೊಳಗೆ ಬೀಜವೆಲ್ಲ ಒಂದೇ ಥರ ಇರುವುದಿಲ್ಲ, ಕೆಲವದರಲ್ಲಿ ಬಿಟಿ ಇಲ್ಲ. ಈ ಹುಳ ತಿನ್ನುವುದೋ ಬೀಜವನ್ನೇ. ಅಲ್ಲೇ ಬದುಕಿ, ವಿಷ ತಿಂದು ಅರಗಿಸಿಕೊಳ್ಳುವುದನ್ನು ಕಲಿಯಿತು.

ಕಳೆನಾಶಕ ಹೊಡೆದರೂ ಸಾಯದ ಹತ್ತಿ ಇದೆ ಅಂತ ಒಬ್ಬ ಬಿಲ್ ಇಲ್ಲದ ಪ್ಯಾಕೆಟ್ ತಂದಿದ್ದ. ಅದಕ್ಕೆ ಸರ್ಕಾರದ ಒಪ್ಪಿಗೆ ಇರಲಿಲ್ಲ. ಬೇಡ ಅಂದೆ. ಬಿತ್ತಿದ್ದು ಹಾಳಾಗಿ ಹೋದರೆ ಯಾರನ್ನು ಕೇಳೋದು, ಅಲ್ವಾ?

ಈಗ ಹತ್ತಿ ಒಂದೇ ಎಕರೆ. ಉಳಿದದ್ದು ಗೋವಿನಜೋಳ. ಅದೂ ಹೈಬ್ರಿಡ್, ಅದೂ ಪ್ಯಾಕೆಟ್. ಮನೆಯಲ್ಲಿ ಬೀಜಕ್ಕೆ ಅಂತ ಬೂದಿ ಬೆರೆಸಿ ಇಟ್ಟಿರುವುದು ಬದುವಿನ ಅಲಸಂದೆ ಮತ್ತು ಎರಡು ಸೇರು ತೊಗರಿ.