ಸಜ್ಜಾ ಸೇರದಂಥ ವ್ಯಾಕ್ಯೂಮ್ ಕ್ಲೀನರ್ ಮಾರುವುದು ಹೇಗೆ?

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಯಾರದ್ದಾದರೂ ಮನೆಗೆ ಹೋದರೆ ಒಮ್ಮೆ ಸಜ್ಜಾ ಕಡೆ ಕಣ್ಣು ಹಾಯಿಸಿ. ಹಿತ್ತಾಳೆ ಕೊಳಗ, ದಸರಾ ಗೊಂಬೆಗಳ ಪೆಟ್ಟಿಗೆ, ಮಗು ನಡೆಯಲು ಕಲಿತ ಮೇಲೆ ಮೂಲೆ ಸೇರಿದ ವಾಕರ್. ಅವುಗಳ ಮಧ್ಯೆ ಪ್ಲಾಸ್ಟಿಕ್ ಕವರ್ ಹೊದ್ದುಕೊಂಡು ಒಂದು ವ್ಯಾಕ್ಯೂಮ್ ಕ್ಲೀನರ್ ಕೂತಿರುತ್ತದೆ. ಕಂಪನಿ ಯಾವುದೇ ಇರಲಿ, ಅದನ್ನು ಮಾರಿದ್ದು ನಮ್ಮಂಥವರೇ. ಮನೆ ಮನೆಗೆ ಹೋಗಿ ಮಾರುವ ಕೆಲಸದಲ್ಲಿ ನಾನು ಬಹಳ ವರ್ಷ ಚಪ್ಪಲಿ ಸವೆಸಿದ್ದೇನೆ. ಈಗ ಹೊಸ ಹುಡುಗರ ಜೊತೆ ಹೋಗಿ ಅವರು ಡೆಮೊ ಕೊಡುವುದನ್ನು ನೋಡುತ್ತೇನೆ. ಬಾಯಿ ಮುಚ್ಚಿಕೊಂಡು ಕೂರುವುದೇ ಕಷ್ಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1982ರಲ್ಲಿ ಯುರೇಕಾ ಫೋರ್ಬ್ಸ್ ಶುರುವಾಗಿ, ಟೈ ಕಟ್ಟಿದ ಹುಡುಗರು ಮನೆ ಬಾಗಿಲಿಗೆ ಬರತೊಡಗಿದ ಕಾಲದಲ್ಲಿ ವ್ಯಾಕ್ಯೂಮ್ ಕ್ಲೀನರ್ ಅಂದರೆ ಏನು ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಮಷಿನ್ ಸದ್ದು ಕೇಳಿದರೆ ಪಕ್ಕದ ಮನೆಯವರೂ ಬಂದು ನೋಡುತ್ತಿದ್ದರು. ಈಗ ನೀವು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವರ ಫೋನಿನಲ್ಲಿ ನಿಮ್ಮ ಮಾಡೆಲ್‌ನ ಬೆಲೆ ಬಂದಿರುತ್ತದೆ. ಮಾಲ್‌ನಲ್ಲಿ ಡೈಸನ್ ಇದೆ, ಎದುರು ಫ್ಲಾಟಿನಲ್ಲಿ ತಾನೇ ನೆಲ ಕ್ಲೀನ್ ಮಾಡುವ ರೋಬೋ ಓಡಾಡುತ್ತಿದೆ. ಆದರೂ ನನ್ನ ಪ್ರಕಾರ ನಿಮಗೆ ಎದುರಾಳಿ ಅವೆರಡೂ ಅಲ್ಲ, ಸಜ್ಜಾ ಮೇಲಿನ ಆ ಹಳೇ ಮಷಿನ್. "ಒಂದು ತಂದು ದುಡ್ಡು ದಂಡ ಆಗಿದೆ, ಸಾಕಪ್ಪ" ಅನ್ನುವ ಮನೆಗೆ ನಲವತ್ತು ಸಾವಿರದ ಇನ್ನೊಂದು ಮಷಿನ್ ಮಾರಬೇಕು. ಅದು ಹೇಗೆ ಅಂತ ನೋಡೋಣ.

1. ಬ್ಯಾಗ್ ತುಂಬುವುದು

ಮಷಿನ್, ಪೈಪು, ಬ್ರಷ್ಷು ಎಲ್ಲರೂ ಒಯ್ಯುತ್ತಾರೆ. ಮರೆಯುವುದು ಎಕ್ಸ್‌ಟೆನ್ಶನ್ ಬೋರ್ಡ್. ಹಳೇ ಮನೆಗಳ ಹಾಲ್‌ನಲ್ಲಿ ಇರುವುದು ಚಿಕ್ಕ ಸಾಕೆಟ್, 6 ಆಂಪ್‌ನದು. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ 1380 ವ್ಯಾಟ್‌ಗೆ ಅದರ ಮಿತಿ ಮುಗಿಯಿತು. ನಿಮ್ಮ ಮಷಿನ್ 1600 ವ್ಯಾಟ್‌ನದಾದರೆ ದಪ್ಪ ಪಿನ್ನಿನ 16 ಆಂಪ್ ಸಾಕೆಟ್ ಬೇಕು, ಅದು ಅಡುಗೆಮನೆಯಲ್ಲಿ ಫ್ರಿಜ್ ಹಿಂದೆ ಇರುತ್ತದೆ, ಇಲ್ಲವೇ ಗೀಸರ್ ಪಕ್ಕ. ದಪ್ಪ ವೈರಿನ, ಹತ್ತು ಮೀಟರ್ ಉದ್ದದ ಬೋರ್ಡ್ ನಿಮ್ಮದೇ ಇರಲಿ. ಫುಟ್‌ಪಾತ್‌ನಲ್ಲಿ ಸಿಗುವ ತೆಳು ವೈರಿನದು ಬೇಡವೇ ಬೇಡ, ಸ್ವಲ್ಪ ಹೊತ್ತಿಗೆ ಬಿಸಿಯಾಗಿ ವಾಸನೆ ಬರುತ್ತದೆ. ಕರೆಂಟ್ ಹೋದರೆ ಮನೆಯ ಯುಪಿಎಸ್‌ಗೆ ಹಾಕುವ ಸಾಹಸವೂ ಬೇಡ. ಸುಮ್ನೆ ಕೂತು ಕಾಫಿ ಕುಡಿಯಿರಿ.

ಇನ್ನೊಂದು ವಿಷಯ. ಡೆಮೊ ಮಷಿನ್ ತೊಳೆದಿರಲಿ. ಹಿಂದಿನ ಮನೆಯ ಕೂದಲು ಬ್ರಷ್ಷಿಗೆ ಸುತ್ತಿಕೊಂಡಿರುವಾಗಲೇ ಸ್ವಚ್ಛತೆ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದ ಹುಡುಗನನ್ನು ನಾನೇ ನೋಡಿದ್ದೇನೆ.

2. ಗೇಟು ದಾಟುವುದು

'ಡೆಲಿವರಿ' ಅಂತ ಸುಳ್ಳು ಹೇಳಿ ಒಳಗೆ ಹೋಗುವುದನ್ನು ಯಾರೋ ಸೀನಿಯರ್ ಹೇಳಿಕೊಟ್ಟಿರುತ್ತಾರೆ. ಅದನ್ನು ಬಿಟ್ಟುಬಿಡಿ. ನೀವು ಮೂರನೇ ಮಹಡಿ ತಲುಪುವ ಮುಂಚೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ಫೋಟೊ ಬಂದಿರುತ್ತದೆ. 2021ರ ನೇರ ಮಾರಾಟ ನಿಯಮಗಳ ಪ್ರಕಾರವೂ ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ. ಅಸೋಸಿಯೇಷನ್‌ನವರನ್ನು ಕೇಳಿ ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸ್ ಮುಂದೆ ಒಂದು ಟೇಬಲ್ ಹಾಕಿ, ಅದರ ಮೇಲೆ ಒಂದು ಹಳೇ ದಿಂಬು ಇಡಿ. ನಿಂತು ನೋಡಿದವರ ಫ್ಲಾಟ್ ನಂಬರ್, ಅವರಿಗೆ ಅನುಕೂಲವಾದ ಟೈಮ್ ಬರೆದುಕೊಳ್ಳಿ. ಅಲ್ಲಿ ಮಾರಲು ಹೋಗಬೇಡಿ.

ಟೈಮ್ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಬಸವನಗುಡಿಯ ಒಂದು ಮನೆ, ಶುಕ್ರವಾರ, ಸಂಜೆ ಆರೂವರೆ. ಡೆಮೊ ಚೆನ್ನಾಗೇ ನಡೆದಿತ್ತು. ಧೂಳಿನ ಚೀಲ ತೆಗೆದು "ಆಚೆ ಹಾಕಿ ಬರ್ತೀನಿ ಅಮ್ಮ" ಅಂದೆ, ಅಷ್ಟೇ. ಒಳಗಿನಿಂದ ಅಜ್ಜಿ ಎದ್ದು ಬಂದರು. "ದೀಪ ಹಚ್ಚಿದ ಮೇಲೆ ಯಾರಪ್ಪಾ ಕಸ ಆಚೆ ಹಾಕೋದು, ಅದೂ ಶುಕ್ರವಾರ!" ಮನೆಯ ಲಕ್ಷ್ಮಿಯನ್ನೇ ಚೀಲದಲ್ಲಿ ಕಟ್ಟಿಕೊಂಡು ಹೊರಟವನನ್ನು ನೋಡುವ ಹಾಗೆ ನೋಡಿದರು. ಆರ್ಡರ್ ಅಲ್ಲಿಗೇ ಮುಗಿಯಿತು. ಅವತ್ತಿನಿಂದ ನಾನು ಬೆಳಿಗ್ಗೆ ಹನ್ನೊಂದರ ಆಸುಪಾಸು ಬಿಟ್ಟು ಬೇರೆ ಟೈಮ್ ಒಪ್ಪುವುದಿಲ್ಲ. ಕೆಲಸಕ್ಕೆ ಹೋಗುವವರಾದರೆ ಶನಿವಾರ, ಭಾನುವಾರ. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಬೇಕಾದರೆ ಆಗ ಡೆಮೊ ಕೊಡಿ, ಅಡ್ವಾನ್ಸ್ ಮಾತ್ರ ಕೇಳಬೇಡಿ. ಆಷಾಢದಲ್ಲಿ ಪರಿಚಯ ಮಾಡಿಕೊಂಡು ಬಂದರೆ ಸಾಕು. ಯುಗಾದಿಗೆ, ದಸರೆಗೆ ಮನೆ ಧೂಳು ಹೊಡೆಯುವ ಹದಿನೈದು ದಿನ ಮೊದಲು ನೀವು ಅವರ ಕಣ್ಣಿಗೆ ಬೀಳಬೇಕು.

3. ಮಷಿನ್ ಹೊರಗೆ ತೆಗೆಯುವ ಮುಂಚೆ

ಎರಡೇ ಪ್ರಶ್ನೆ. ಒಂದನೆಯದು, "ಮೊದಲು ಒಂದು ಇತ್ತಾ ಮೇಡಂ? ಈಗ ಎಲ್ಲಿದೆ?" ಸಜ್ಜಾ ಮೇಲಿದ್ದರೆ ಇಳಿಸಲು ಸಹಾಯ ಮಾಡಿ. ಯಾಕೆ ಬಿಟ್ಟಿರಿ ಅಂತ ಕೇಳಿ. ಪೈಪು ಸೀಳಿತು, ಚೀಲ ಎಲ್ಲೂ ಸಿಗಲಿಲ್ಲ, ಎಳೆದಾಡೋಕೆ ಭಾರ, ಸದ್ದು ಜಾಸ್ತಿ, ಕೆಲಸದವರು ಮುಟ್ಟಲ್ಲ ಅಂದರು. ಯಾವ ಉತ್ತರ ಬರುತ್ತದೋ ಅದರ ಸುತ್ತಲೇ ನಿಮ್ಮ ಡೆಮೊ ಇರಲಿ. ಪೈಪು ಸೀಳಿದ ಮನೆಯಲ್ಲಿ ಫಿಲ್ಟರ್ ಪುರಾಣ ಯಾಕೆ?

ಎರಡನೇ ಪ್ರಶ್ನೆ, ಮನೆ ಕ್ಲೀನ್ ಮಾಡುವವರು ಯಾರು? ಕೆಲಸದ ಅಕ್ಕ ಬರುತ್ತಾರೆ ಅಂದರೆ ಅವರು ಇರುವ ಹೊತ್ತಿಗೇ ಡೆಮೊ ಇಟ್ಟುಕೊಳ್ಳಿ. "ಇದು ಬಂದರೆ ಕೆಲಸದವರೇ ಬೇಡ" ಅಂತ ಅವರ ಎದುರೇ ಹೇಳುವವರಿದ್ದಾರೆ. ಆ ಅಕ್ಕ ಮನಸ್ಸು ಮಾಡಿದರೆ ನಿಮ್ಮ ಮಷಿನ್ ಒಂದೇ ತಿಂಗಳಲ್ಲಿ ಸಜ್ಜಾ ಹತ್ತುತ್ತದೆ, ತಿಳಿದಿರಲಿ.

4. ಡೆಮೊ

ಎಲ್ಲರೂ ಎಡವುವುದು ಇಲ್ಲೇ. ಮೊದಲ ತಪ್ಪು, ನೆಲ. ಕಾಗದದ ಚೂರು, ಅಕ್ಕಿ ಕಾಳು ಚೆಲ್ಲಿ ಸೊರ್ ಅಂತ ಎಳೆದು ತೋರಿಸುತ್ತಾರೆ. ನೆಲದ ತುಂಬ ಕಾರ್ಪೆಟ್ ಹಾಸುವ ದೇಶಗಳಲ್ಲಿ ಹುಟ್ಟಿದ ಡೆಮೊ ಅದು. ನಮ್ಮದು ಗ್ರಾನೈಟು, ಟೈಲ್ಸು, ಹಳೇ ಮನೆಯಾದರೆ ರೆಡ್ ಆಕ್ಸೈಡು. ಅದಕ್ಕೆ ಪೊರಕೆ ಸಾಕು, ಆಮೇಲೆ ಹೇಗೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಪೊರಕೆ ಮುಟ್ಟಲಾಗದ ಜಾಗ ಹಿಡಿಯಿರಿ: ಹಾಸಿಗೆ, ಸೋಫಾ ಸಂದು, ಕರ್ಟನ್, ಕಿಟಕಿಯ ಸೊಳ್ಳೆ ಜಾಲರಿ, ಸ್ಲೈಡಿಂಗ್ ಕಿಟಕಿ ಜಾರುವ ಹಳಿಯ ಸಂದು.

ಇವುಗಳಲ್ಲಿ ಹಾಸಿಗೆಯೇ ಮುಖ್ಯ, ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ. ಹಳೇ ಪಂಚೆಯ ಬಿಳಿ ತುಂಡು ಎರಡು ಇಟ್ಟುಕೊಂಡಿರಿ. ಪೈಪಿನ ತುದಿಯ ಬ್ರಷ್ ತೆಗೆದು, ಪೈಪಿನ ಬಾಯಿಗೆ ಬಟ್ಟೆ ಹಾಸಿ, ಮತ್ತೆ ಬ್ರಷ್ ಒತ್ತಿ ಕೂರಿಸಿ. ಬಟ್ಟೆ ತೆಳುವಾಗಿರಬೇಕು. ದಪ್ಪ ಟವೆಲ್ ಹಾಕಿದರೆ ಗಾಳಿ ಕಟ್ಟಿಕೊಂಡು ಮೋಟರ್ ಕಿರುಚುತ್ತದೆ. ಒಳಗೆ ಹೋಗುವ ಗಾಳಿಯೇ ಎಷ್ಟೋ ಮಷಿನ್‌ಗಳಲ್ಲಿ ಮೋಟರನ್ನು ತಣ್ಣಗಿಡುವುದು. ಹಾಗಾಗಿ ಒಂದು ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ. ಬೆಡ್‌ಶೀಟ್ ತೆಗೆಸಿ, ದಿಂಬು ಇಡುವ ಜಾಗದಲ್ಲಿ ಒಂದು ದಿಂಬಿನಷ್ಟು ಅಗಲಕ್ಕೆ ಮಾತ್ರ ನಿಧಾನವಾಗಿ ಎಳೆಯಿರಿ. ಹತ್ತಿ ಹಾಸಿಗೆಯಾದರೆ ಇಪ್ಪತ್ತು ಎಳೆತಕ್ಕೇ ಸಾಕಾಗುತ್ತದೆ. ಬ್ರಷ್ ಬಿಚ್ಚಿದಾಗ ಬಟ್ಟೆಯ ಮೇಲೆ ರುಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ, ಬೂದಿ ಬಣ್ಣದ ಒಂದು ದುಂಡನೆ ಗುರುತು. ಬೆರಳಲ್ಲಿ ಮುಟ್ಟಿದರೆ ವಿಭೂತಿಯಷ್ಟು ನುಣುಪು.

ಈಗ ಬಾಯಿ ಮುಚ್ಚಿಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ, ಏನೂ ಮಾತಾಡಬೇಡಿ. ಹುಡುಗರು ಆ ಬಟ್ಟೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದು "ನೋಡಿ, ನೀವು ಮಲಗೋದು ಇದರ ಮೇಲೆ!" ಅನ್ನುತ್ತಾರೆ. ರಾಜಾಜಿನಗರದ ಒಂದು ಮನೆಯಲ್ಲಿ ನಮ್ಮ ಹುಡುಗ ಹೀಗೇ ಮಾಡಿದ, ಅದೂ ಸೊಸೆಯ ಕೋಣೆಯಲ್ಲಿ, ಅತ್ತೆಯ ಎದುರಿಗೆ. ಅತ್ತೆ ಹೆಚ್ಚೇನೂ ಹೇಳಲಿಲ್ಲ. "ದಿನಾ ಕೊಡವುತ್ತೀನಿ ಅಂತಿದ್ದೆಯಲ್ಲ" ಅಂದರು, ಅಷ್ಟೇ. ಆ ಹೆಣ್ಣುಮಗಳು ಬಟ್ಟೆ ನೋಡಲಿಲ್ಲ, ನಮ್ಮ ಕಡೆ ನೋಡಿದಳು. ಕೊಳ್ಳುವ ಮನಸ್ಸಿದ್ದದ್ದು ಅವಳಿಗೇ, ದುಡ್ಡು ಕೊಡುವವಳೂ ಅವಳೇ. ಲಿಫ್ಟ್‌ನಲ್ಲಿ ಇಳಿಯುವಾಗ ಹುಡುಗ ಕೇಳಿದ, "ಡೆಮೊ ಚೆನ್ನಾಗೇ ಬಂತಲ್ವಾ ಸಾರ್?" ಅಂತ.

ಧೂಳು ತೋರಿಸಬೇಕು, ಮರ್ಯಾದೆ ತೆಗೆಯಬಾರದು. ನಾಲ್ಕು ಜನ ಇದ್ದರೆ ಕೋಣೆಗೆ ಹೋಗಬೇಡಿ, ಹಾಲ್‌ನ ಸೋಫಾ ಸಾಕು, ಸೋಫಾ ಧೂಳು ಎಲ್ಲರದೂ ಹೌದು. "ರಸ್ತೆ ಅಗೆದಿದ್ದಾರಲ್ವಾ, ನಮ್ಮ ಮನೇಲೂ ಇದೇ ಕಥೆ" ಅನ್ನಿ. ಆಮೇಲೆ ಎರಡನೇ ಬಟ್ಟೆ ಹಾಕಿ ಪೈಪನ್ನು ಅವರ ಕೈಗೆ ಕೊಟ್ಟು ದೂರ ನಿಲ್ಲಿ. ದಿನಾ ಅದನ್ನು ಹಿಡಿಯುವವರು ಯಾರೋ ಅವರ ಕೈಗೆ. ಚೀಲ ಬಿಚ್ಚುವುದು, ಫಿಲ್ಟರ್ ತೆಗೆದು ಹಾಕುವುದು, ವೈರ್ ಸುತ್ತುವುದನ್ನೂ ಅವರೇ ಮಾಡಲಿ. ತಡವರಿಸಿದರೆ ತಡವರಿಸಲಿ, ನೀವು ಕೈ ಹಾಕಬೇಡಿ. ಎಲ್ಲಿ ತಡವರಿಸಿದರು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮಷಿನ್ ಸಜ್ಜಾ ಹತ್ತುವುದು ಅದೇ ಕಾರಣಕ್ಕೆ.

ಮಾಡಬಾರದ ಗಿಮಿಕ್‌ಗಳೂ ಇವೆ. ಪೈಪಿಗೆ ಕ್ರಿಕೆಟ್ ಬಾಲ್ ಅಂಟಿಸಿ ಎತ್ತುವುದು ಅದರಲ್ಲೊಂದು. ಬಾಯಿ ಪೂರ್ತಿ ಮುಚ್ಚಿದಾಗ ಮಷಿನ್ ಎಷ್ಟು ಎಳೆಯುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ, ನಿಜ. ಆದರೆ ಧೂಳು ಏಳಬೇಕಾದರೆ ಗಾಳಿ ಹರಿಯಬೇಕು, ಬಾಲ್ ಅಂಟಿದಾಗ ಗಾಳಿಯೇ ಹರಿಯುತ್ತಿಲ್ಲ. ವ್ಯಾಟ್ ಜಂಬವೂ ಹಾಗೇ. 2000 ವ್ಯಾಟ್ ಅಂದರೆ ಅಷ್ಟು ಕರೆಂಟ್ ತಿನ್ನುತ್ತದೆ ಅಂತ, ಅಷ್ಟು ಚೆನ್ನಾಗಿ ಎಳೆಯುತ್ತದೆ ಅಂತಲ್ಲ. ಯುರೋಪಿನಲ್ಲಿ 2017ರಿಂದ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್‌ಗೆ 900 ವ್ಯಾಟ್ ಮಿತಿ ಹಾಕಿದ್ದಾರೆ, ಅಲ್ಲಿನವರ ಮನೆಯೇನು ಧೂಳಲ್ಲಿ ಮುಳುಗಿಲ್ಲ. 'ಹೆಪಾ ಟೈಪ್' ಅನ್ನುವ ಸ್ಟಿಕ್ಕರ್ ಅಂಟಿಸಿದ ಅಗ್ಗದ ಮಷಿನ್‌ಗಳ ಬಗ್ಗೆ ಎಚ್ಚರ ಇರಲಿ. ಹೆಪಾ ಅಂದರೆ ಸಾಮಾನ್ಯವಾಗಿ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುವ ಫಿಲ್ಟರ್. 'ಟೈಪ್' ಅನ್ನುವ ಪದ ಸೇರಿದ ಮೇಲೆ ಆ ಲೆಕ್ಕಕ್ಕೆ ಯಾರೂ ಜವಾಬ್ದಾರರಲ್ಲ.

ಕೊನೆಯದಾಗಿ, ಡಾಕ್ಟರ್ ಆಗಬೇಡಿ. ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿ ಇರುತ್ತದೆ, ಅದರ ಹಿಕ್ಕೆಯಿಂದ ಕೆಲವರಿಗೆ ಅಲರ್ಜಿ ಆಗುತ್ತದೆ. ಇಷ್ಟು ಹೇಳಬಹುದು. "ಮಗುವಿನ ಅಸ್ತಮಾ ಹೋಗುತ್ತದೆ" ಅಂದರೆ ಅದು ಸುಳ್ಳು, ಪಾಪವೂ ಹೌದು.

5. "ರೋಬೋ ತಗೊಂಡ್ರೆ ಆಗಲ್ವಾ?"

ಈ ಪ್ರಶ್ನೆ ಬಂದೇ ಬರುತ್ತದೆ. ರೋಬೋವನ್ನು ಬೈಯಬೇಡಿ. ಚಿಕ್ಕ ಫ್ಲಾಟು, ನೆಲದ ಮೇಲೆ ಸಾಮಾನು ಕಡಿಮೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ ಅಂದರೆ ನೆಲಕ್ಕೆ ಅದೇ ಸರಿ ಅಂತ ಬಾಯಿ ಬಿಟ್ಟು ಹೇಳಿ. ಅದು ಹಾಸಿಗೆ ಹತ್ತುವುದಿಲ್ಲ, ಕರ್ಟನ್ ಮುಟ್ಟುವುದಿಲ್ಲ. ದೇವರ ಮನೆ ಮುಂದಿನ ರಂಗೋಲಿಯನ್ನು ಮಾತ್ರ ನೀಟಾಗಿ ಅಳಿಸಿಕೊಂಡು ಹೋಗುತ್ತದೆ. ಇಷ್ಟು ಹೇಳಿದರೂ ಅವರಿಗೆ ರೋಬೋನೇ ಬೇಕಾದರೆ ಎದ್ದು ಬನ್ನಿ. ಹಾಗೆ ಎದ್ದು ಬಂದ ಮನೆಗಳಿಂದಲೇ ನನಗೆ ಜಾಸ್ತಿ ಪರಿಚಯಗಳು ಸಿಕ್ಕಿವೆ.

6. ಬೆಲೆ

ಬೆಲೆಯನ್ನು ಕೊನೆವರೆಗೆ ಮುಚ್ಚಿಡುವ ಕಾಲ ಹೋಯಿತು. ಕೂತ ಐದು ನಿಮಿಷದಲ್ಲೇ ಹೇಳಿ. ಆನ್‌ಲೈನ್ ಬೆಲೆಯನ್ನು ನೀವೇ ಫೋನ್ ತೆಗೆದು ತೋರಿಸಿ, ನಿಮ್ಮದು ಮೂರು ಸಾವಿರ ಜಾಸ್ತಿ ಇದ್ದರೆ ಆ ಮೂರು ಸಾವಿರಕ್ಕೆ ಏನು ಸಿಗುತ್ತದೆ ಅಂತ ಹೇಳಿ. ಹೇಳಲು ಏನೂ ಇಲ್ಲವಾದರೆ ನೀವು ಬೇರೆ ಕಂಪನಿ ನೋಡಿಕೊಳ್ಳುವುದು ಒಳ್ಳೆಯದು. ಚೀಲ, ಫಿಲ್ಟರ್‌ಗೆ ವರ್ಷಕ್ಕೆ ಎಷ್ಟು ಖರ್ಚು ಅನ್ನುವುದನ್ನು ಬಿಲ್ಲಿನ ಹಿಂದೆ ಬರೆದು ಕೊಡಿ. 'ನೋ ಕಾಸ್ಟ್ ಇಎಂಐ' ಅಂತ ಉದ್ದಕ್ಕೆ ಹೇಳಬೇಡಿ. ಸಾಮಾನ್ಯವಾಗಿ ಪ್ರೊಸೆಸಿಂಗ್ ಫೀ ಇರುತ್ತದೆ, ಕಾರ್ಡಿನಲ್ಲಾದರೆ ಬಡ್ಡಿಯ ಮೇಲೆ ಜಿಎಸ್‌ಟಿಯೂ ಬೀಳುತ್ತದೆ, ಸ್ಟೇಟ್‌ಮೆಂಟ್ ಬಂದ ದಿನ ನಿಮಗೇ ಫೋನ್ ಬರುತ್ತದೆ. "ಇವತ್ತೇ ಕೊನೇ ದಿನ" ಅನ್ನುವ ಆಫರ್ ನಾಳೆಯೂ ಇರುತ್ತದೆ ಅಂತ ಅವರಿಗೂ ಗೊತ್ತು.

7. ಡೆಲಿವರಿ

ಹೇಳಿದ ದಿನ ಕೊಡಿ, ಬಾಕ್ಸ್ ಅವರ ಎದುರೇ ಬಿಚ್ಚಿ.

8. ಹದಿನೈದನೇ ದಿನ

ಇದನ್ನು ಯಾರೂ ಮಾಡುವುದಿಲ್ಲ, ಇನ್ಸೆಂಟಿವ್ ಬರುವುದಿಲ್ಲವಲ್ಲ. ಫೋನ್ ಮಾಡಿಕೊಂಡು ಹೋಗಿ. ತೊಳೆಯುವ ಫಿಲ್ಟರ್ ಆದರೆ ನೆರಳಲ್ಲಿ ಪೂರಾ ಒಂದು ದಿನ ಒಣಗಿಸಲು ಹೇಳಿ. ಒದ್ದೆ ಫಿಲ್ಟರ್ ಹಾಕಿ ಮೋಟರ್ ಕೆಡಿಸಿಕೊಂಡವರನ್ನು ತುಂಬ ನೋಡಿದ್ದೇನೆ. ಗೋಡೆಗೆ ಪುಟ್ಟಿ ಉಜ್ಜಿದ ಪುಡಿ, ರಂಗೋಲಿ ಪುಡಿ ಎಳೆಯಬೇಡಿ ಅಂತಲೂ ಹೇಳಿ, ಫಿಲ್ಟರ್ ಅರ್ಧ ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಇದೆಲ್ಲ ಹೇಳುತ್ತಾ ಮಷಿನ್ ಎಲ್ಲಿಟ್ಟಿದ್ದಾರೆ ನೋಡಿ. ಬಾಗಿಲ ಹಿಂದೆ, ಮಂಚದ ಪಕ್ಕ, ಪೈಪು ಜೋಡಿಸಿಕೊಂಡೇ ನಿಂತಿದ್ದರೆ ಸರಿ. ಆಗಲೇ ಸಜ್ಜಾ ಹತ್ತಿದ್ದರೆ ಒಂದು ಕುರ್ಚಿ ಕೇಳಿ ಪಡೆದು, ಹತ್ತಿ, ನೀವೇ ಕೆಳಗೆ ಇಳಿಸಿ. ಅವತ್ತು ಚೀಲ ಬಿಚ್ಚುವಾಗ ಅವರು ತಡವರಿಸಿದ್ದು ನೆನಪಿದೆ ಅಲ್ವಾ, ಅಲ್ಲಿಂದ ಮತ್ತೆ ಹೇಳಿಕೊಡಿ.