ಗೆಕ್ಕೊ, ಬಾಲ್ ಪೈಥಾನ್ ಪಾರ್ಸೆಲ್ ಮಾಡೋ ಮುಂಚೆ ಹುಬ್ಬಳ್ಳಿ-ಧಾರವಾಡದವರು ತಿಳಿದಿರಬೇಕಾದ್ದು

ಅಮೆರಿಕದವರು ರಟ್ಟಿನ ಪೆಟ್ಟಿಗೆ ಬಿಚ್ಚಿ ಒಳಗಿಂದ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಹೆಬ್ಬಾವು), ಗೆಕ್ಕೊ (ಸಾಕುವ ಹಲ್ಲಿ) ತೆಗೆಯೋ ವಿಡಿಯೋ ನೋಡಿ, ನಾವೂ ಹಂಗೇ ಕಳಿಸೋಣ ಅಂತ ಕೊಪ್ಪಿಕರ್ ರಸ್ತೆಯ ಕೊರಿಯರ್ ಅಂಗಡಿ ಮುಂದೆ ನಿಲ್ಲೋ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೌಂಟರಿನವರು "ಒಳಗ ಏನ್ ಐತ್ರೀ?" ಅಂತ ಕೇಳಿಯೇ ಕೇಳುತ್ತಾರೆ. "ಆಟಿಕೆ ಸಾಮಾನ್ರೀ" ಅಂತ ಸುಳ್ಳು ಹೇಳಿ ಕಳಿಸೋ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ಗೋದಾಮಿನಲ್ಲಿ ಅದರ ಮೇಲೆ ಮೂಟೆ ಬೀಳುತ್ತದೆ, ಪ್ರಾಣಿ ಸಾಯುತ್ತದೆ, ಕೇಸು ನಿಮ್ಮ ಮೇಲೆ ಬೀಳುತ್ತದೆ.

ಮೊದಲು ಅಲ್ಲಿನ ಕಥೆ ಹೇಳಿಬಿಡುತ್ತೇನೆ. ಅಮೆರಿಕದಲ್ಲೂ ಎಲ್ಲರೂ ಎಲ್ಲವನ್ನೂ ಒಯ್ಯುವುದಿಲ್ಲ. ಅವರ ಸರ್ಕಾರಿ ಅಂಚೆ ಸಣ್ಣ ಹಲ್ಲಿ, ಕಪ್ಪೆ ತಗೊಳ್ಳುತ್ತದೆ, ಆದರೆ ಹಾವು ಮತ್ತು ಆಮೆ ಮುಟ್ಟುವುದಿಲ್ಲ. ಯುಪಿಎಸ್ ಅನ್ನೋ ಖಾಸಗಿ ಕೊರಿಯರ್ ಹಲ್ಲಿ, ಆಮೆ ಒಯ್ಯುತ್ತದೆ, ಹಾವು ಬೇಡ ಅನ್ನುತ್ತದೆ. ಇನ್ನೊಂದು ಕೊರಿಯರ್ ಫೆಡೆಕ್ಸ್‌ನಲ್ಲಿ ಹಾವು ಹೋಗುತ್ತದೆ, ಅದೂ ಕಂಪನಿಯಿಂದ ಮೊದಲೇ ಒಪ್ಪಿಗೆ ಪಡೆದವರ ಮೂಲಕ, ಮಾರನೇ ದಿನ ಬೆಳಿಗ್ಗೆ ತಲುಪುವ ಸೇವೆಯಲ್ಲಿ. ಇದರ ಜೊತೆಗೆ 1900ರ ಲೇಸಿ ಕಾಯ್ದೆ ಇದೆ, ಒಂದು ರಾಜ್ಯದ ಕಾನೂನು ಮುರಿದು ಹಿಡಿದ ಪ್ರಾಣಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಅದೇ ಬೇರೆ ಅಪರಾಧ. ಅಂದರೆ ವಿಡಿಯೋದಲ್ಲಿ ಕಾಣುವ ಆ ಪೆಟ್ಟಿಗೆಯ ಹಿಂದೆ ಇಷ್ಟೆಲ್ಲಾ ಇರುತ್ತದೆ, ಅದನ್ನು ಯಾರೂ ತೋರಿಸುವುದಿಲ್ಲ ಅಷ್ಟೇ.

ನಮ್ಮಲ್ಲಿ ದೊಡ್ಡ ಕೊರಿಯರ್ ಕಂಪನಿಗಳ "ಇವನ್ನು ಕಳಿಸುವಂತಿಲ್ಲ" ಪಟ್ಟಿಯಲ್ಲಿ ಜೀವಂತ ಪ್ರಾಣಿ ಇದ್ದೇ ಇರುತ್ತದೆ. ಅಂಚೆಯೂ ಆಗಲ್ಲ. (ಅಂತರರಾಷ್ಟ್ರೀಯ ಅಂಚೆ ನಿಯಮದಲ್ಲಿ ಜೇನುಹುಳು, ಜಿಗಣೆ, ರೇಷ್ಮೆಹುಳು ಥರದ ಕೆಲವಕ್ಕೆ ಮಾತ್ರ ಜಾಗ ಇದೆ. ಹಾವೇರಿಯ ರೇಷ್ಮೆ ಬೆಳೆಗಾರರಿಗೆ ಖುಷಿಯಾಗಬಹುದು, ನಮಗೆ ಉಪಯೋಗವಿಲ್ಲ.) ಹಾಗಾಗಿ ಉಳಿಯೋದು ಎರಡೇ ದಾರಿ: ನೀವೇ ಒಯ್ಯೋದು, ಇಲ್ಲವೇ ವಿಮಾನದ ಕಾರ್ಗೋ.

ಅದಕ್ಕೂ ಮುಂಚೆ ಕಾಗದ. ಇದು ಬೇಸರದ ಭಾಗ, ಆದರೆ ಇದನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ.

ನಿಮ್ಮ ಹತ್ತಿರ ಇರೋದು ನಮ್ಮ ನೆಲದ ಪ್ರಾಣಿಯಾಗಿದ್ದರೆ ಮಾತು ಇಲ್ಲಿಗೇ ಮುಗಿಯಿತು. ಉಡ, ಹೆಬ್ಬಾವು, ನಕ್ಷತ್ರ ಆಮೆ, ಕೆರೆ ಆಮೆ, ಎರಡು ತಲೆ ಹಾವು ಅಂತ ಲಕ್ಷ ಲಕ್ಷ ರೇಟು ಹೇಳಿ ಮೋಸ ಮಾಡ್ತಾರಲ್ಲ ಆ ಮಣ್ಣುಮುಕ್ಕ, ಇವೆಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಸಾಗಿಸೋದು ಬಿಡಿ, ಮನೆಯಲ್ಲಿ ಇಟ್ಟುಕೊಳ್ಳೋದೇ ತಪ್ಪು. ಮೊದಲನೇ ಅನುಸೂಚಿಯ (ಅಂದರೆ ಕಾಯ್ದೆಯ ಮೊದಲನೇ ಪಟ್ಟಿಯ) ಪ್ರಾಣಿಯಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಜೊತೆಗೆ ಕಡಿಮೆ ಅಂದರೂ 25,000 ರೂಪಾಯಿ ದಂಡ. ನಕ್ಷತ್ರ ಆಮೆ ಅದೃಷ್ಟ ತರುತ್ತದೆ ಅಂತ ಗದಗ ಕಡೆ ಯಾರಾದರೂ ಕೊಟ್ಟರೆ ಕೈಮುಗಿದು ಬೇಡ ಅನ್ನಿ. ಈಗಾಗಲೇ ಮನೆಗೆ ಬಂದಿದ್ದರೆ ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ, ಹೊಲಕ್ಕೆ ಬಿಟ್ಟು ಬರಬೇಡಿ.

ವಿದೇಶಿ ಪ್ರಾಣಿಯಾದರೆ ಲೆಕ್ಕ ಬೇರೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಸೈಟಿಸ್ ಅನ್ನೋ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳೆಲ್ಲ ಈಗ ನಾಲ್ಕನೇ ಅನುಸೂಚಿಗೆ ಬರುತ್ತವೆ. ಬಾಲ್ ಪೈಥಾನ್, ಹಸಿರು ಇಗುವಾನಾ ಎರಡೂ ಅದರಲ್ಲಿವೆ. ಇವನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಇದರ ನಿಯಮ 2024ರ ಫೆಬ್ರವರಿಯಲ್ಲಿ ಬಂತು. ಪ್ರಾಣಿ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋದರೆ ಅದನ್ನೂ ಅಲ್ಲೇ ತಿಳಿಸಬೇಕು. ಅಂದರೆ ನೀವು ಧಾರವಾಡದಿಂದ ಬೆಂಗಳೂರಿನ ಗೆಳೆಯನಿಗೆ ಹಾವು ಕೊಟ್ಟರೆ, ಹಾವಿನ ಜೊತೆ ನೋಂದಣಿಯಲ್ಲಿ ಮಾಲೀಕರ ಹೆಸರೂ ಬದಲಾಗಬೇಕು. ಪಟ್ಟಿಯಲ್ಲಿ ಇಲ್ಲದವೂ ಕೆಲವಿವೆ, ಕಾರ್ನ್ ಸ್ನೇಕ್ ಥರದವು. ಅದಕ್ಕೂ ಖರೀದಿಯ ಬಿಲ್ಲು ಕೈಯಲ್ಲಿ ಇರಲಿ. ದಾರಿಯಲ್ಲಿ ನಿಲ್ಲಿಸಿದ ಪೊಲೀಸಿಗೆ ಹಾವುಗಳ ಜಾತಿ ಬೇರೆ ಬೇರೆ ಅಂತ ಪಾಠ ಮಾಡೋಕಾಗುತ್ತಾ?

ಬಿಲ್ಲೂ ಇಲ್ಲ, ನೋಂದಣಿಯೂ ಇಲ್ಲ, "ಬ್ಯಾಂಕಾಕ್ ಮಾಲು ಬ್ರೋ" ಅನ್ನೋರ ಹತ್ತಿರ ಹೋಗಲೇಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, 6 ಕೋತಿ ಸಿಕ್ಕವು. ಕೋತಿಗಳು ಸತ್ತೇ ಹೋಗಿದ್ದವು.

ಈಗ ಪ್ಯಾಕಿಂಗ್. ನೀವೇ ಕಾರಲ್ಲಿ ಒಯ್ದರೂ ಕಾರ್ಗೋಗೆ ಕೊಟ್ಟರೂ ಪೆಟ್ಟಿಗೆ ಒಂದೇ ಥರ.

ಊಟ ನಿಲ್ಲಿಸೋದರಿಂದ ಶುರು ಮಾಡಿ. ಹಾವಾದರೆ ಕೊನೆಯ ಊಟಕ್ಕೂ ಹೊರಡುವುದಕ್ಕೂ ನಡುವೆ ಒಂದು ವಾರ ಇರಲಿ, ಗೆಕ್ಕೊಗೆ ಎರಡು ಮೂರು ದಿನ ಸಾಕು. ಹೊಟ್ಟೆ ತುಂಬಿದ ಹಾವು ಅಲುಗಾಟಕ್ಕೆ ನುಂಗಿದ್ದನ್ನು ಕಕ್ಕುತ್ತದೆ, ಆ ವಾಸನೆ ಮತ್ತು ಒದ್ದೆಯಲ್ಲಿ ಹತ್ತು ಗಂಟೆ ಇರೋದು ಅದಕ್ಕೆ ದೊಡ್ಡ ಹಿಂಸೆ. ನೀರು ಮಾತ್ರ ಹೊರಡುವ ತನಕ ಕೊಡಿ. ಪೆಟ್ಟಿಗೆಯೊಳಗೆ ನೀರಿನ ಬಟ್ಟಲು ಇಡಬೇಡಿ, ಚೆಲ್ಲಿ ಎಲ್ಲ ತೊಯ್ಯುತ್ತದೆ.

ಹಾವಿಗೆ ಹತ್ತಿ ಬಟ್ಟೆಯ ಚೀಲ ಬೇಕು. ಹಳೇ ದಿಂಬಿನ ಕವರ್ ಚೆನ್ನಾಗಿ ಆಗುತ್ತದೆ, ಆದರೆ ಒಳಗೆ ದಾರ ಎಳೆ ಬಿಟ್ಟಿರದಂತೆ ತಿರುವಿ ಹಾಕಿ, ಹೊಲಿಗೆ ಹೊರಗೆ ಬರಲಿ. ಬಾಯಿ ತಿರುಚಿ, ಬಟ್ಟೆಯಲ್ಲೇ ಗಂಟು ಹಾಕಿ. ಗಂಟಿನ ಕೆಳಗೆ ಹಾವು ಸಿಕ್ಕಿಲ್ಲ ಅಂತ ಕೈಯಿಂದ ಮುಟ್ಟಿ ನೋಡಿ. ಗೆಕ್ಕೊಗೆ ಅಮೆರಿಕದವರು ಬಳಸೋದು ಮುಚ್ಚಳದ ಗುಂಡನೆ ಪ್ಲಾಸ್ಟಿಕ್ ಡಬ್ಬಿ. ಅದಕ್ಕೆ ಹುಡುಕಾಟ ಬೇಡ, ನಮ್ಮ ಖಾನಾವಳಿಯವರು ಪಲ್ಯ, ಸಾರು ಪಾರ್ಸೆಲ್ ಕೊಡೋ ಡಬ್ಬಿ ಅದೇ. ಹೊಸದು ತಗೊಳ್ಳಿ, ಎಣ್ಣೆ ವಾಸನೆಯದು ಬೇಡ. ಕಾಯಿಸಿದ ಮೊಳೆಯಿಂದ ತೂತು ಮಾಡುವಾಗ ಒಳಗಿನಿಂದ ಹೊರಕ್ಕೆ ಚುಚ್ಚಿ, ಇಲ್ಲದಿದ್ದರೆ ಚೂಪು ಅಂಚು ಒಳಗೆ ಉಳಿದು ಅದರ ಮೈ ಗೀಚುತ್ತದೆ. ಒಳಗೆ ಟಿಶ್ಯೂ ಪೇಪರ್ ಸುಕ್ಕು ಮಾಡಿ ತುಂಬಿ, ಹಿಡಿದುಕೊಳ್ಳೋಕೆ ಏನಾದರೂ ಇದ್ದರೆ ಅದು ಸುಮ್ಮನೆ ಕೂರುತ್ತದೆ. ಒಂದು ಡಬ್ಬಿಗೆ ಒಂದೇ ಪ್ರಾಣಿ, ಗಂಡು ಹೆಣ್ಣು ಜೋಡಿಯಾದರೂ.

ಹೊರಗಿನ ಪೆಟ್ಟಿಗೆ ಥರ್ಮಾಕೋಲ್‌ದು. ಇನ್ಸುಲಿನ್, ಲಸಿಕೆ ಬರೋ ಪೆಟ್ಟಿಗೆ ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಅದನ್ನು ಗಟ್ಟಿ ರಟ್ಟಿನ ಡಬ್ಬದೊಳಗೆ ಕೂರಿಸಿ. ಗಾಳಿಗೆ ಎರಡಕ್ಕೂ ಕೂಡಿ ತೂತು ಇರಲಿ, ಆದರೆ ಜರಡಿ ಮಾಡಬೇಡಿ, ಅಷ್ಟು ತೂತಿದ್ದರೆ ಥರ್ಮಾಕೋಲ್ ಇದ್ದೂ ಇಲ್ಲದಂತೆ. ಚೀಲ, ಡಬ್ಬಿ ಅಲುಗಾಡದಂತೆ ಸುತ್ತ ಸುಕ್ಕು ಮಾಡಿದ ಪೇಪರ್ ಒತ್ತಿ.

ಬಿಸಿ ಚಳಿ ವಿಷಯದಲ್ಲಿ ವಿಡಿಯೋ ನೋಡಿ ಜಾಸ್ತಿ ಜನ ತಪ್ಪುವುದು. ಅವರು ಹೀಟ್ ಪ್ಯಾಕ್ ಇಡುತ್ತಾರೆ ಅಂತ ಇವರೂ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಅದರೊಳಗಿನ ಕಬ್ಬಿಣದ ಪುಡಿ ಗಾಳಿಯ ಆಮ್ಲಜನಕ ಎಳೆದುಕೊಂಡು ತುಕ್ಕು ಹಿಡಿಯುತ್ತಾ ಬಿಸಿ ಕೊಡುತ್ತದೆ. ಅಂದರೆ ಅದೂ ಉಸಿರಾಡುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ನಿಮ್ಮ ಗೆಕ್ಕೊದ ಗಾಳಿಗೇ ಪಾಲುದಾರ. ಡಿಸೆಂಬರ್, ಜನವರಿಯ ಧಾರವಾಡದ ರಾತ್ರಿ ಪ್ರಯಾಣ ಬಿಟ್ಟರೆ ನಮಗೆ ಅದರ ಅಗತ್ಯವೇ ಬೀಳದು. ಆಗಲೂ ಮುಚ್ಚಳದ ಒಳಬದಿಗೆ ಅಂಟಿಸಿ, ಪ್ರಾಣಿಗೆ ತಾಗಬಾರದು. ನಮ್ಮ ಕಡೆ ಕೊಲ್ಲುವುದು ಬಿಸಿಲು. ಮಾರ್ಚ್‌ನಿಂದ ಮೇ ತನಕ ಹಗಲು ಪ್ರಯಾಣ ಬೇಡವೇ ಬೇಡ. ಅಮೆರಿಕದಲ್ಲಿ ಅನುಭವಸ್ಥರು ಸುಮಾರು 38 ಡಿಗ್ರಿ ದಾಟಿದರೆ ಕಳಿಸೋದನ್ನೇ ಮುಂದೂಡುತ್ತಾರೆ, ಗದಗಿನ ಬೇಸಿಗೆ ನೆನಪಿಸಿಕೊಳ್ಳಿ. ಪೆಟ್ಟಿಗೆಯೊಳಗೆ 20ರಿಂದ 28 ಡಿಗ್ರಿ ಇದ್ದರೆ ಒಳ್ಳೆಯದು. ವೈರ್ ಇರುವ ಡಿಜಿಟಲ್ ಥರ್ಮಾಮೀಟರ್ ಒಳಗಿಟ್ಟು, ಖಾಲಿ ಪೆಟ್ಟಿಗೆಯನ್ನು ಒಮ್ಮೆ ಕಾರಿನಲ್ಲಿ ಸುತ್ತಾಡಿಸಿ ನೋಡಿ, ಎಲ್ಲ ಗೊತ್ತಾಗುತ್ತದೆ. ತಂಪಿಗೆ ಐಸ್ ಬಾಟಲಿ ಇಡುವುದಾದರೆ ಟವೆಲ್ ಸುತ್ತಿ ಮೂಲೆಯಲ್ಲಿಡಿ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಕಾರಲ್ಲಿ ರಾತ್ರಿ ಹೊರಟರೆ ಬೆಳಗಾಗುವಷ್ಟರಲ್ಲಿ ತಲುಪುತ್ತೀರಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಪೆಟ್ಟಿಗೆ ಸೀಟಿನ ಕೆಳಗೆ ಇರಲಿ, ಡಿಕ್ಕಿಯಲ್ಲಿ ಬೇಡ, ಊಟಕ್ಕೆ ಅಂತ ದಾವಣಗೆರೆಯಲ್ಲಿ ನಿಲ್ಲಿಸಿದಾಗ ಗಾಜು ಏರಿಸಿದ ಕಾರಿನಲ್ಲಿ ಬಿಟ್ಟು ಹೋಗಲೂ ಬೇಡ. ಬಸ್ಸಿನ ಕೆಳಗಿನ ಲಗೇಜ್ ಜಾಗಕ್ಕೆ ಹಾಕಿ ಡ್ರೈವರ್ ಕೈಗೆ ನೂರಿನ್ನೂರು ಕೊಡೋ ಪದ್ಧತಿ ಇದೆಯಲ್ಲ, ಅದು ಮಾವಿನಹಣ್ಣಿನ ಬುಟ್ಟಿಗೆ ಸರಿ.

ದೂರದ ಊರಾದರೆ ವಿಮಾನದ ಕಾರ್ಗೋ. ಇದಕ್ಕೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ಜೀವಂತ ಪ್ರಾಣಿ ನಿಯಮಗಳಿವೆ, ಪೆಟ್ಟಿಗೆ ಹೇಗಿರಬೇಕು ಅಂತ ಪ್ರತಿ ಜಾತಿಗೂ ಬರೆದಿದ್ದಾರೆ. ಪೆಟ್ಟಿಗೆ ಮಾಡುವ ಮುಂಚೆಯೇ ವಿಮಾನ ಕಂಪನಿಯ ಕಾರ್ಗೋ ಕಚೇರಿಗೆ ಕೇಳಿ: ಹಾವು ತಗೊಳ್ತೀರಾ, ಯಾವ ವಿಮಾನದಲ್ಲಿ, ಯಾವ ಕಾಗದ ಬೇಕು. ನೇರ ವಿಮಾನವೇ ಆಗಬೇಕು. ಸೋಮವಾರ, ಮಂಗಳವಾರ ಕಳಿಸಿ, ಶನಿವಾರ ಕಳಿಸಿದರೆ ಎಲ್ಲೋ ತಡವಾಗಿ ಭಾನುವಾರ ಗೋದಾಮಿನಲ್ಲಿ ಕೂರುತ್ತದೆ. ಪೆಟ್ಟಿಗೆ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ "ಜೀವಂತ ಪ್ರಾಣಿ, ಬಿಸಿಲಿಗೆ ಇಡಬೇಡಿ, ತಲೆಕೆಳಗು ಮಾಡಬೇಡಿ" ಅಂತ ದಪ್ಪಗೆ ಬರೆಯಿರಿ. ಪ್ರಾಣಿಯ ವೈಜ್ಞಾನಿಕ ಹೆಸರು, ಎಷ್ಟಿವೆ, ಇಬ್ಬರ ಫೋನ್ ನಂಬರ್ ಬರೆದು, ನೋಂದಣಿ ಪತ್ರದ ಜೆರಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಲೆ ಅಂಟಿಸಿ. ಅಸಲು ನಿಮ್ಮ ಹತ್ತಿರವೇ ಇರಲಿ. ವಿಷದ ಹಾವಿನ ಬಗ್ಗೆ ಕೇಳಲೇಬೇಡಿ.

ಇಳಿಸಿಕೊಳ್ಳುವವರಿಗೂ ಮೊದಲೇ ಹೇಳಿಡಿ. ಬಂದ ತಕ್ಷಣ ವಿಡಿಯೋ ಮಾಡೋಕೆ ಮನೆಮಂದಿಯನ್ನೆಲ್ಲಾ ಕರೆಯಬೇಡಿ. ಕತ್ತರಿಯನ್ನು ಟೇಪಿನ ಮೇಲಷ್ಟೇ ಆಡಿಸಿ, ಆಳಕ್ಕೆ ಹೋದರೆ ಒಳಗಿನ ಚೀಲಕ್ಕೆ ತಾಗುತ್ತದೆ. ಸಿದ್ಧವಾದ ಗೂಡಿಗೆ ಬಿಟ್ಟು, ನೀರಿಟ್ಟು, ಬಟ್ಟೆ ಹೊದಿಸಿ ಒಂದು ದಿನ ಬಿಟ್ಟುಬಿಡಿ. ಊಟ ಗೆಕ್ಕೊಗೆ ಎರಡು ಮೂರು ದಿನದ ಮೇಲೆ, ಹಾವಿಗೆ ವಾರದ ಮೇಲೆ. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಇವುಗಳ ಮೈಯಲ್ಲಿ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಸಣ್ಣ ಮಕ್ಕಳಿರೋ ಮನೆಯಲ್ಲಿ ಇದು ತಮಾಷೆಯಲ್ಲ. ಆಮೇಲೆ ಅವತ್ತೇ ಕೂತು ಪೋರ್ಟಲ್‌ನಲ್ಲಿ ಹೆಸರು ಬದಲಾವಣೆಯ ಅರ್ಜಿ ಹಾಕಿಬಿಡಿ, ನಾಳೆ ಅಂದರೆ ಮರೆತೇ ಹೋಗುತ್ತದೆ.